ಮಾದರಿ ವಿಮಾನ: ಹಾರಿಸುವ ಮೊದಲು ಭಾಗಗಳನ್ನು ಅರಿಯಿರಿ

ರೇಡಿಯೊ ನಿಯಂತ್ರಿತ ಮಾದರಿ ವಿಮಾನ ಕಟ್ಟುವ ಆಸೆಯಿದ್ದರೆ ಮೊದಲು ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋಗಿ, ಅಲ್ಲಿ ಪ್ರದರ್ಶನಕ್ಕಿಟ್ಟಿರುವ ನೌಕಾಪಡೆಯ ಟುಪೊಲೆವ್ 142 ವಿಮಾನಕ್ಕೆ ಒಂದು ಸುತ್ತು ಬನ್ನಿ. ಅದನ್ನು ಹಾರಿಸುತ್ತಿದ್ದ ಮುಖ್ಯ ಭಾಗಗಳೇ ನಿಮ್ಮ ಫೋಮ್ ಹಾಳೆಯ ಪುಟ್ಟ ವಿಮಾನದಲ್ಲೂ ಇರುತ್ತವೆ.

ರೆಕ್ಕೆಯ ಹಿಂದಿನ ಅಂಚಿನಲ್ಲಿ, ತುದಿಯ ಕಡೆಗೆ ಮೇಲೆ ಕೆಳಗೆ ಆಡುವ ಪಟ್ಟಿ ಐಲೆರಾನ್. ಎಡ ರೆಕ್ಕೆಯದು ಏರಿದಾಗ ಬಲ ರೆಕ್ಕೆಯದು ಇಳಿಯುತ್ತದೆ, ವಿಮಾನ ಎಡಕ್ಕೆ ವಾಲುತ್ತದೆ. ಬಾಲದ ಅಡ್ಡ ರೆಕ್ಕೆಯಲ್ಲಿರುವುದು ಎಲಿವೇಟರ್. ಅದು ಮೂತಿಯನ್ನು ಏರಿಸಿ ಇಳಿಸುತ್ತದೆ. ನೆಟ್ಟಗೆ ನಿಂತ ಬಾಲದಲ್ಲಿರುವುದು ರಡ್ಡರ್; ಮೂತಿಯನ್ನು ಎಡಬಲಕ್ಕೆ ತಿರುಗಿಸುವುದು ಅದರ ಕೆಲಸ. ಕಲಿಯುವವರಿಗೆ ರೆಕ್ಕೆ ಒಡಲಿನ ಮೇಲ್ಭಾಗದಲ್ಲಿರುವ, ಅದರ ತುದಿಗಳು ತುಸು ಮೇಲೆದ್ದಿರುವ ವಿಮಾನವೇ ಒಳ್ಳೆಯದು. ವಾಲಿದರೂ ತಾನಾಗಿ ಸಮಸ್ಥಿತಿಗೆ ಮರಳುವ ಗುಣ ಅದಕ್ಕಿದೆ.

ಇನ್ನು ಒಳಗಿನ ಸಾಮಾನು. ಕೈಯಲ್ಲಿ ಹಿಡಿಯುವುದು ಟ್ರಾನ್ಸ್‌ಮಿಟರ್, ವಿಮಾನದೊಳಗೆ ಕೂರುವುದು ರಿಸೀವರ್. ಈಗಿನವು ಹೆಚ್ಚಾಗಿ 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಒಂದೊಂದು ಕೆಲಸಕ್ಕೆ ಒಂದೊಂದು ಚಾನೆಲ್: ಐಲೆರಾನ್, ಎಲಿವೇಟರ್, ರಡ್ಡರ್ ಮತ್ತು ಮೋಟಾರಿನ ವೇಗಕ್ಕೆ ಥ್ರಾಟಲ್, ಒಟ್ಟು ನಾಲ್ಕು. ರಿಸೀವರ್ ಹೇಳಿದಂತೆ ಪಟ್ಟಿಗಳನ್ನು ಎಳೆದು ತಳ್ಳುವ ಪುಟ್ಟ ಮೋಟಾರು ಪೆಟ್ಟಿಗೆಯೇ ಸರ್ವೊ. ಮುಖ್ಯ ಮೋಟಾರಿಗೆ ಬ್ಯಾಟರಿಯಿಂದ ಎಷ್ಟು ಶಕ್ತಿ ಹೋಗಬೇಕೆಂದು ನಿರ್ಧರಿಸುವುದು ಇಎಸ್‌ಸಿ, ಅಂದರೆ ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲರ್.

ಮೋಟಾರಿನ ಮೇಲೆ 1000 ಕೆವಿ ಎಂದು ಬರೆದಿದ್ದರೆ ಕಿಲೊವೋಲ್ಟ್ ಎಂದು ಓದಬೇಡಿ. ಹೊರೆಯಿಲ್ಲದಾಗ ಪ್ರತಿ ವೋಲ್ಟ್‌ಗೆ ನಿಮಿಷಕ್ಕೆ ಸುಮಾರು 1000 ಸುತ್ತು ಎಂದು ಅದರ ಅರ್ಥ. ಪ್ರೊಪೆಲರ್ ಮೇಲಿನ 9x6ರಲ್ಲಿ 9 ಇಂಚು ವ್ಯಾಸ. 6 ಎಂದರೆ ಪಿಚ್, ಒಂದು ಸುತ್ತಿಗೆ ಲೆಕ್ಕದ ಪ್ರಕಾರ ಮುಂದೆ ಸಾಗುವ ಇಂಚು.

ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯ ಬಗ್ಗೆ ಸದರ ಬೇಡವೇ ಬೇಡ. 3ಎಸ್ ಎಂದರೆ ಸಾಲಾಗಿ ಮೂರು ಸೆಲ್, ಸರಾಸರಿ ಲೆಕ್ಕದಲ್ಲಿ 11.1 ವೋಲ್ಟ್. ಪ್ರತಿ ಸೆಲ್ 4.2 ವೋಲ್ಟ್ ಮೀರಬಾರದು, ಆದ್ದರಿಂದ ಸೆಲ್‌ಗಳನ್ನೆಲ್ಲ ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರನ್ನೇ ಬಳಸಿ. ಚಾರ್ಜಿಗೆ ಇಟ್ಟು ಮನೆಯಿಂದ ಹೊರಗೆ ಹೋಗಬೇಡಿ. ಉಬ್ಬಿದ ಬ್ಯಾಟರಿಗೆ ಬೆಂಕಿ ಹತ್ತಬಹುದು; ಅದನ್ನು ಮತ್ತೆ ಬಳಸುವ ಮಾತೇ ಇಲ್ಲ.

ಎಲ್ಲ ಜೋಡಿಸಿದ ಮೇಲೆ ಗುರುತ್ವ ಕೇಂದ್ರ, ಅಂದರೆ ವಿಮಾನದ ಭಾರ ಸಮತೂಗುವ ಜಾಗ ನೋಡಿ. ಸಾಮಾನ್ಯ ಮಾದರಿಗಳಲ್ಲಿ ಅದು ರೆಕ್ಕೆಯ ಮುಂದಿನ ಅಂಚಿನಿಂದ ರೆಕ್ಕೆಯ ಅಗಲದ (ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗಿನ ಅಳತೆ) ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇರುತ್ತದೆ. 20 ಸೆಂಟಿಮೀಟರ್ ಅಗಲದ ರೆಕ್ಕೆಯಾದರೆ 5ರಿಂದ 6.5 ಸೆಂಟಿಮೀಟರ್. ಅಲ್ಲಿ ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿ. ವಿಮಾನ ಸಮವಾಗಿ, ಇಲ್ಲವೇ ಮೂತಿ ಕೊಂಚ ತಗ್ಗಿಸಿ ನಿಂತರೆ ಸರಿ. ಬಾಲ ಜೋತರೆ ಬ್ಯಾಟರಿಯನ್ನು ಮುಂದಕ್ಕೆ ಸರಿಸಿ. ಬಾಲ ಭಾರವಾದ ವಿಮಾನ ಮೇಲೇರಿದ ಮೇಲೆ ನುರಿತವರ ಕೈಗೂ ದಕ್ಕುವುದು ಕಷ್ಟ.

ಮುಂದಿನದು ದಿಕ್ಕಿನ ಪರೀಕ್ಷೆ. ಪ್ರೊಪೆಲರ್ ತೆಗೆದಿಟ್ಟು ವಿಮಾನದ ಹಿಂದೆ ನಿಲ್ಲಿ. ಐಲೆರಾನ್ ಕೋಲನ್ನು ಬಲಕ್ಕೆ ದೂಡಿದಾಗ ಬಲ ರೆಕ್ಕೆಯ ಪಟ್ಟಿ ಮೇಲೇಳಬೇಕು. ಎಲಿವೇಟರ್ ಕೋಲನ್ನು ನಿಮ್ಮತ್ತ ಎಳೆದಾಗ ಎಲಿವೇಟರ್ ಮೇಲೇಳಬೇಕು. ತಿರುಗುಮುರುಗಾಗಿದ್ದರೆ ಟ್ರಾನ್ಸ್‌ಮಿಟರಿನಲ್ಲಿ ಆ ಚಾನೆಲನ್ನು ರಿವರ್ಸ್ ಮಾಡಿ.

ಜಾಗದ ವಿಷಯ. ಅರ್ಗಾದಲ್ಲಿ ಕದಂಬ ನೌಕಾನೆಲೆ ಇರುವುದರಿಂದ ಕಾರವಾರದ ಸುತ್ತ ಮನಬಂದಲ್ಲಿ ಹಾರಿಸುವಂತಿಲ್ಲ. ವಿಮಾನಯಾನ ಇಲಾಖೆಯ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಎಲ್ಲಿ ಹಾರಿಸಬಹುದೆಂಬ ವಲಯ ನೋಡಿಯೇ ಹೊರಡಿ. ನಿರ್ಬಂಧವಿಲ್ಲದ ಕಡೆ, ವಿದ್ಯುತ್ ತಂತಿಯಿಲ್ಲದ, ಕೊಯ್ಲು ಮುಗಿದ ಗದ್ದೆ ಬಯಲು ಸಿಕ್ಕರೆ ಮಾಲೀಕರನ್ನು ಕೇಳಿ ಬಳಸಿ. ಕರಾವಳಿಯಲ್ಲಿ ಹೊತ್ತೇರಿದಂತೆ ಕಡಲ ಗಾಳಿ ಜೋರಾಗುವುದರಿಂದ ಬೆಳಗಿನ ಹೊತ್ತೇ ಮೇಲು. ಹಾರಿಸುವ ಮುನ್ನ ಥ್ರಾಟಲ್ ಕೋಲು ಪೂರ್ತಿ ಕೆಳಗಿರಲಿ. ಮೊದಲು ಟ್ರಾನ್ಸ್‌ಮಿಟರ್ ಹಾಕಿ, ಬಳಿಕ ಬ್ಯಾಟರಿ ಜೋಡಿಸಿ. ಇಳಿದ ಮೇಲೆ ಮೊದಲು ಬ್ಯಾಟರಿ ಕಳಚಿ, ಆಮೇಲೆ ಟ್ರಾನ್ಸ್‌ಮಿಟರ್ ಆರಿಸಿ.