ಬಾಕಿ ಎಷ್ಟು ಎಂದರೆ ಯಾವ ಬಾಕಿ? ಎಐಗೆ ಟೂಲ್ ವಿವರಣೆ ಬರೆದ ಅನುಭವ

ಮಂಗಳೂರಿನ ಬಂದರು ಕಡೆಯ ಹೋಲ್‌ಸೇಲ್ ಅಂಗಡಿಗಳು ಬಳಸುವ ಒಂದು ಅಕೌಂಟಿಂಗ್ ಸಾಫ್ಟ್‌ವೇರ್‌ಗೆ ಎಐ ಸಹಾಯಕ ಸೇರಿಸುವ ಕೆಲಸದಲ್ಲಿ ನಾನಿದ್ದೇನೆ. ಅಂಗಡಿಯವರು ಪ್ರಶ್ನೆ ಕೇಳುತ್ತಾರೆ, ಎಐ ನಾವು ಕೊಟ್ಟ ಟೂಲ್‌ಗಳಲ್ಲಿ (ಒಂದೊಂದು ಕೆಲಸ ಮಾಡುವ ಚಿಕ್ಕ ಪ್ರೋಗ್ರಾಂಗಳು) ಒಂದನ್ನು ಆರಿಸಿ ಕರೆಯುತ್ತದೆ. ಟೂಲ್ ಒಳಗಿನ ಕೋಡ್ ಅದಕ್ಕೆ ಕಾಣುವುದಿಲ್ಲ. ಕಾಣುವುದು ಹೆಸರು, ವಿವರಣೆ, ಏನೇನು ಮಾಹಿತಿ ಕೊಡಬೇಕು ಎಂಬ ಪಟ್ಟಿ, ಅಷ್ಟೇ. ಹಾಗಾಗಿ ಈ ಕೆಲಸದಲ್ಲಿ ಕೋಡಿಗಿಂತ ಜಾಸ್ತಿ ತಲೆ ಓಡಿಸಿದ್ದು ವಿವರಣೆಗೆ.

ಹೆಚ್ಚು ಹೊತ್ತು ಹಿಡಿದದ್ದು ಬಾಕಿಯ ವಿಷಯ. "ಅವರದ್ದು ಬಾಕಿ ಎಷ್ಟುಂಟು?" ಎಂದು ಕೇಳಿದರೆ ಉತ್ತರ ಕೊಡಬಲ್ಲ ಟೂಲ್ ಎರಡು: ಲೆಡ್ಜರ್ ಬ್ಯಾಲೆನ್ಸ್ (ಖಾತೆಯ ಒಟ್ಟು ಬಾಕಿ), ಬಿಲ್‌ವಾರು ಬಾಕಿ (ಒಂದೊಂದು ಬಿಲ್‌ನ ಬಾಕಿ). ಒಂದು ಪಾರ್ಟಿಯ (ವ್ಯವಹಾರ ಇರುವ ಗಿರಾಕಿ ಅಥವಾ ಸರಬರಾಜುದಾರ) ಮೇಲೆ 50,000 ರೂಪಾಯಿ ಬಿಲ್ ಇದೆ ಅಂದುಕೊಳ್ಳಿ. ಅವರು 20,000 ಆನ್ ಅಕೌಂಟ್ (ಯಾವ ಬಿಲ್‌ಗೆ ಎಂದು ಹೇಳದೆ) ಕೊಟ್ಟಿದ್ದಾರೆ, ಅದನ್ನು ಇನ್ನೂ ಬಿಲ್‌ಗೆ ಹೊಂದಿಸಿಲ್ಲ. ಲೆಡ್ಜರ್ 30,000 ಅನ್ನುತ್ತದೆ, ಬಿಲ್ ಪಟ್ಟಿ 50,000 ಅನ್ನುತ್ತದೆ. ಲೆಕ್ಕದ ಪ್ರಕಾರ ಎರಡೂ ಸರಿ. ಆದರೆ 50,000 ಕೊಡಿ ಎಂದು ಪಾರ್ಟಿಗೆ ಫೋನ್ ಮಾಡಿದರೆ ಜಗಳವೇ ಆಗುತ್ತದೆ ಅಲ್ವಾ?

ಲೆಡ್ಜರ್ ಟೂಲ್‌ನ ಹಳೇ ವಿವರಣೆ ಒಂದೇ ಸಾಲು: "ಪಾರ್ಟಿಯ ಬ್ಯಾಲೆನ್ಸ್ ಕೊಡುತ್ತದೆ." ಈಗಿನದು ಹೀಗಿದೆ: "ಒಂದು ಪಾರ್ಟಿ ಒಟ್ಟು ಎಷ್ಟು ಕೊಡಬೇಕು ಅಥವಾ ನಾವು ಎಷ್ಟು ಕೊಡಬೇಕು ಎಂದು ಕೇಳಿದಾಗ ಬಳಸಿ. ಹೊಂದಿಸದ ಅಡ್ವಾನ್ಸ್, ಆನ್ ಅಕೌಂಟ್ ಮೊತ್ತ ಕಳೆದೇ ಬರುತ್ತದೆ. ಯಾವ ಬಿಲ್ ಬಾಕಿ, ಎಷ್ಟು ದಿನದಿಂದ ಬಾಕಿ ಎಂಬುದಕ್ಕೆ ಇದನ್ನು ಬಳಸಬೇಡಿ, ಬಿಲ್‌ವಾರು ಬಾಕಿ ಬಳಸಿ. ಮೊತ್ತ ರೂಪಾಯಿಯಲ್ಲಿ. ಡೆಬಿಟ್ ಎಂದರೆ ಅವರು ನಮಗೆ ಕೊಡಬೇಕು, ಕ್ರೆಡಿಟ್ ಎಂದರೆ ನಾವು ಅವರಿಗೆ."

ನನ್ನ ಪ್ರಕಾರ ಇದರಲ್ಲಿ ಅತಿ ಮುಖ್ಯ ಮಾತು "ಬಳಸಬೇಡಿ" ಎಂಬುದು. ಟೂಲ್ ಏನು ಮಾಡುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ಪಕ್ಕದ ಟೂಲ್‌ಗೂ ಇದಕ್ಕೂ ಗಡಿ ಎಲ್ಲಿ ಎಂದು ಬರೆಯುವವರು ಕಡಿಮೆ. ಹೊಸದಾಗಿ ಸೇರಿದ ಅಕೌಂಟೆಂಟ್‌ಗೆ ಮೊದಲ ದಿನ ಏನೇನು ಹೇಳಿಕೊಡುತ್ತೇವೋ ಅದನ್ನೆಲ್ಲ ಇಲ್ಲಿ ಬರೆಯಬೇಕು.

ತಾರೀಕಿನದ್ದೂ ಹಾಗೆಯೇ. 04-05 ಅಂದರೆ ನಮಗೆ ಮೇ 4, ಇನ್ನೊಂದು ಕಡೆ ಏಪ್ರಿಲ್ 5. ವರ್ಷ ಮೊದಲು, ಆಮೇಲೆ ತಿಂಗಳು, ಕೊನೆಗೆ ದಿನ ಎಂದು ಉದಾಹರಣೆ ಸಮೇತ ಬರೆದೆ. "ಕಳೆದ ವರ್ಷ" ಅಂದರೆ ಏಪ್ರಿಲ್ 1ರಿಂದ ಮಾರ್ಚ್ 31ರ ಆರ್ಥಿಕ ವರ್ಷ ಎಂದೂ ಸೇರಿಸಿದೆ.

ಪಾರ್ಟಿ ಹೆಸರು ಇನ್ನೊಂದು ತಲೆನೋವು. ನಮ್ಮೂರಲ್ಲಿ ಪೈ, ಕಾಮತ್, ಶೆಟ್ಟಿ ಹೆಸರಿನ ಪಾರ್ಟಿಗಳು ಒಂದೊಂದು ಲೆಡ್ಜರ್‌ನಲ್ಲೂ ಸಾಲಾಗಿ ಇರುತ್ತವೆ. ಹುಡುಕುವ ಟೂಲ್‌ನಲ್ಲಿ "ಒಂದಕ್ಕಿಂತ ಜಾಸ್ತಿ ಹೆಸರು ಸಿಕ್ಕರೆ ನೀವೇ ಆರಿಸಬೇಡಿ, ಊರು ಮತ್ತು ಜಿಎಸ್‌ಟಿ ನಂಬರ್ ತೋರಿಸಿ ಕೇಳಿ" ಎಂದಿದೆ. ಹೆಸರು ಸಿಗದಿದ್ದರೂ ಸುಮ್ನೆ "ಸಿಗಲಿಲ್ಲ" ಎಂದು ಕೈಬಿಡುವುದಿಲ್ಲ, ಹತ್ತಿರದ ಹೆಸರುಗಳನ್ನು ಕಳಿಸುತ್ತೇವೆ. ಎಐ ಮುಂದಿನ ಹೆಜ್ಜೆ ಇಡುವುದು ಆ ಉತ್ತರ ಓದಿಯೇ. ಹಾಗಾಗಿ ಅದನ್ನೂ ಅಷ್ಟೇ ಜಾಗ್ರತೆಯಿಂದ ಬರೆಯಬೇಕು.

ಮಂಗಳೂರಿನಲ್ಲಿ ತೆರಿಗೆ ವಿಷಯಕ್ಕೆ ವಿಶೇಷ ಗಮನ ಬೇಕು. ತಲಪಾಡಿ ದಾಟಿದರೆ ಕೇರಳ. ಉಳ್ಳಾಲಕ್ಕೆ ಮಾಲು ಕಳಿಸಿದರೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ (ಕೇಂದ್ರದ, ರಾಜ್ಯದ ಪಾಲಿನ ಜಿಎಸ್‌ಟಿ), ಕಾಸರಗೋಡಿಗೆ ಕಳಿಸಿದರೆ ಐಜಿಎಸ್‌ಟಿ (ರಾಜ್ಯ ದಾಟಿದ ಮಾರಾಟದ ಜಿಎಸ್‌ಟಿ). ಜಿಎಸ್‌ಟಿ ನಂಬರ್‌ನ ಮೊದಲ ಎರಡು ಅಂಕಿ ರಾಜ್ಯದ ಕೋಡ್: ಕರ್ನಾಟಕ 29, ಕೇರಳ 32. ಎಐಗೆ ಇದು ಗೊತ್ತಿದ್ದರೂ ಅದು ಊಹಿಸುವುದು ನನಗೆ ಬೇಡ. "ತೆರಿಗೆ ದರ, ತೆರಿಗೆ ವಿಧ ಕಳಿಸಬೇಡಿ. ಐಟಂ ಮಾಸ್ಟರ್ ಮತ್ತು ಪೂರೈಕೆಯ ಸ್ಥಳ ನೋಡಿ ಸಾಫ್ಟ್‌ವೇರೇ ಹಾಕುತ್ತದೆ" ಎಂದು ಬರೆದು (ಐಟಂ ಮಾಸ್ಟರ್ ಎಂದರೆ ಸರಕುಗಳ ವಿವರದ ಪಟ್ಟಿ), ಆ ಕಾಲಂಗಳನ್ನೇ ತೆಗೆದುಹಾಕಿದೆ.

ವೋಚರ್ (ವ್ಯವಹಾರದ ಎಂಟ್ರಿ) ಬರೆಯುವ ಟೂಲ್ ಡ್ರಾಫ್ಟ್ ಮಾತ್ರ ಮಾಡುತ್ತದೆ. ಪುಸ್ತಕಕ್ಕೆ ಹೋಗಬೇಕಾದರೆ ಮನುಷ್ಯರೇ ಒಪ್ಪಿಗೆ ಒತ್ತಬೇಕು. ಜಿಎಸ್‌ಟಿಆರ್-1ರಲ್ಲಿ (ಮಾರಾಟದ ಜಿಎಸ್‌ಟಿ ರಿಟರ್ನ್) ಹೋದ ಬಿಲ್ಲನ್ನು ತಿದ್ದಲು ಕೇಳಿದರೆ ತಿದ್ದಬೇಡಿ, ಮಾಲು ವಾಪಸ್ ಬಂದಿದ್ದರೆ ಅಥವಾ ಮೊತ್ತ ಜಾಸ್ತಿ ಹಾಕಿದ್ದರೆ ಕ್ರೆಡಿಟ್ ನೋಟ್ (ಬಿಲ್ ಮೊತ್ತ ಕಡಿಮೆ ಮಾಡುವ ಚೀಟಿ) ಸೂಚಿಸಿ ಎಂದೂ ವಿವರಣೆಯಲ್ಲಿದೆ. ಆದರೆ ವಿವರಣೆಯನ್ನು ಬೀಗ ಅಂತ ನಂಬಿ ಕೂರಬಾರದು. ಎಐಗೆ ಟೂಲ್ ಜೋಡಿಸುವ ಎಂಸಿಪಿ ಎಂಬ ಪದ್ಧತಿಯಲ್ಲಿ "ಇದು ಓದಲು ಮಾತ್ರ", "ಇದು ಅಳಿಸಬಹುದು" ಎಂದು ಟೂಲ್‌ಗೆ ಗುರುತು ಹಾಕಬಹುದು. ಅದೂ ಬರೀ ಸೂಚನೆ. ನಿಜವಾದ ತಡೆ ಕೋಡ್‌ನಲ್ಲೇ ಇರಬೇಕು. ಕಂಪನಿಗಳಿಗಂತೂ 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ದಾಖಲೆ ಇಡುವ ಸಾಫ್ಟ್‌ವೇರೇ ಬೇಕು. ಎಐ ಮೂಲಕ ಬಂದ ಎಂಟ್ರಿಗೂ ಒಪ್ಪಿದವರ ಹೆಸರು ಅದರಲ್ಲಿ ಬೀಳುವ ಹಾಗೆ ಮಾಡಿದ್ದೇವೆ.

ಪರೀಕ್ಷೆಗೆ ಅಂಗಡಿಯವರು ನಿಜವಾಗಿ ಕೇಳಿದ ಪ್ರಶ್ನೆಗಳನ್ನೇ ಒಂದು ಹಾಳೆಯಲ್ಲಿ ಇಟ್ಟುಕೊಂಡಿದ್ದೇನೆ. ಪಕ್ಕದಲ್ಲಿ ಯಾವ ಟೂಲ್ ಕರೆಯಬೇಕು, ಯಾವಾಗ ಕರೆಯದೆ ಮರುಪ್ರಶ್ನೆ ಕೇಳಬೇಕು ಎಂದಿದೆ. ವಿವರಣೆಯಲ್ಲಿ ಒಂದು ಪದ ಬದಲಾದರೂ ಪೂರ್ತಿ ಹಾಳೆ ಓಡಿಸುತ್ತೇನೆ. ಒಂದು ಟೂಲ್ ಸರಿಮಾಡುವಾಗ ಪಕ್ಕದ್ದು ಕೆಡುತ್ತದೆ. ಅದು ಗೊತ್ತಾಗುವುದು ಹೀಗೆ ಓಡಿಸಿದಾಗ ಮಾತ್ರ.