ಅಸರ್ಟ್ ಫೇಲ್ ಆದರೆ ಟೆಸ್ಟ್ ಪಾಸ್

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮದೊಂದು ಸಣ್ಣ ತಂಡ. ಹನಿ ನೀರಾವರಿಯ ಕಂಟ್ರೋಲರ್ ಮಾಡುತ್ತೇವೆ. ಜಾಸ್ತಿ ಹೋಗುವುದು ವಿಜಯಪುರ ಜಿಲ್ಲೆಯ ದ್ರಾಕ್ಷಿ ತೋಟಗಳಿಗೆ, ತಿಕೋಟಾ ಕಡೆಗೆ. ಒಂದು ಪೆಟ್ಟಿಗೆಗೆ ಎಂಟು ವಾಲ್ವ್. ಒಳಗಿನ ಕೋಡ್ ಸಿ ಭಾಷೆಯದು. ವಾಲ್ವ್ ತೆರೆಯುವ ಫಂಕ್ಷನ್‌ಗೆ 0ಯಿಂದ 7ರವರೆಗಿನ ನಂಬರ್ ಮಾತ್ರ ಬರಬೇಕು. 9 ಬಂತು ಅಂದರೆ ಕರೆದ ಕೋಡ್‌ನಲ್ಲೇ ಏನೋ ತಪ್ಪಿದೆ. ಅದಕ್ಕೇ ಅಲ್ಲಿ ಅಸರ್ಟ್ ಇಟ್ಟಿದ್ದೇವೆ, ಅಂದರೆ ಷರತ್ತು ನಿಜವಲ್ಲದಿದ್ದರೆ ಅಲ್ಲೇ ನಿಲ್ಲಿಸುವ ಸಾಲು.

ಆ ಅಸರ್ಟ್ ಕೆಲಸ ಮಾಡುತ್ತದಾ ಅಂತ ನೋಡಬೇಕಲ್ವಾ? 9 ಕೊಟ್ಟು ಕರೆದರೆ ಮುಗಿಯಲಿಲ್ಲ. ಸಿ ಭಾಷೆಯ ಅಸರ್ಟ್ ಫೇಲ್ ಆದರೆ ಫೈಲ್ ಹೆಸರು, ಸಾಲಿನ ನಂಬರ್ ಮುದ್ರಿಸಿ ಅಬಾರ್ಟ್ ಕರೆಯುತ್ತದೆ. ಇಡೀ ಪ್ರೋಗ್ರಾಂ ಅಲ್ಲಿಗೇ ಸಾಯುತ್ತದೆ. ಲಿನಕ್ಸ್ ಶೆಲ್‌ನಲ್ಲಿ ಎಕ್ಸಿಟ್ ಕೋಡ್ 134 ಅಂತ ಬರುತ್ತದೆ. 128ಕ್ಕೆ ಅಬಾರ್ಟ್ ಸಿಗ್ನಲ್‌ನ ನಂಬರ್ 6 ಸೇರಿಸಿದ್ದು ಅದು. "ಸರ, ಒಂದ್ ಟೆಸ್ಟ್ ಹಾಕಿದ್ದಕ್ಕ ಉಳಿದಿದ್ದೆಲ್ಲಾ ಹೋತಲ್ರೀ" ಅಂದಳು ತಂಡದ ಹುಡುಗಿ.

ಮೊದಲು ಫೋರ್ಕ್ ದಾರಿ ಹಿಡಿದೆವು. ಟೆಸ್ಟ್ ಒಂದು ಮರಿ ಪ್ರೋಸೆಸ್ ಹುಟ್ಟಿಸುತ್ತದೆ, ಅದರೊಳಗೆ 9 ಕೊಟ್ಟು ಕರೆಯುತ್ತದೆ. ತಾಯಿ ಪ್ರೋಸೆಸ್ ವೇಟ್‌ಪಿಡ್ ಹಾಕಿ ಕಾಯುತ್ತದೆ. ಮರಿ ಸತ್ತರೆ ಸಾಲದು, ಯಾವ ಸಿಗ್ನಲ್‌ನಿಂದ ಸತ್ತಿತು ಅಂತ ನೋಡಬೇಕು. 6 ಆದರೆ ಅಬಾರ್ಟ್. 11 ಆದರೆ ಸೆಗ್ಮೆಂಟೇಷನ್ ಫಾಲ್ಟ್, ಅಂದರೆ ಅಸರ್ಟ್ ತಡೆಯುವ ಮೊದಲೇ ಕೋಡ್ ಮುಟ್ಟಬಾರದ ಮೆಮೊರಿ ಮುಟ್ಟಿದೆ. ಎರಡನ್ನೂ ಒಂದೇ ಅಂತ ಎಣಿಸಿದರೆ ಟೆಸ್ಟ್ ಇದ್ದೂ ಇಲ್ಲದಂತೆ. ಫೋರ್ಕ್‌ಗೆ ಮುಂಚೆ ಔಟ್‌ಪುಟ್ ಫ್ಲಶ್ ಮಾಡುವುದು, ಅಂದರೆ ಬಫರ್‌ನಲ್ಲಿ ಉಳಿದದ್ದನ್ನು ಹೊರಗೆ ಬರೆಯುವುದು ಒಳ್ಳೆಯದು, ಇಲ್ಲದಿದ್ದರೆ ಅದೇ ಸಾಲು ಎರಡು ಸಲ ಬರಬಹುದು. ಸಿ++ ಟೆಸ್ಟ್ ಲೈಬ್ರರಿ ಗೂಗಲ್ ಟೆಸ್ಟ್‌ನಲ್ಲಿ ಪ್ರೋಗ್ರಾಂ ಸಾಯುತ್ತದಾ ಅಂತ ನೋಡುವ ಡೆತ್ ಟೆಸ್ಟ್ ಕೂಡ ಹೀಗೇ ಬೇರೆ ಪ್ರೋಸೆಸ್‌ನಲ್ಲಿ ನಡೆಯುತ್ತದೆ.

ನನಗೆ ಇದು ಸಾಕಾಗಲಿಲ್ಲ. ಅಸರ್ಟ್ ಫೇಲ್ ಆಗುವ ಮುಂಚೆ ಫಂಕ್ಷನ್ ಪಂಪ್ ಆನ್ ಮಾಡುವ ರಿಲೇ ಪಿನ್ ಮುಟ್ಟಿತಾ? ನನಗೆ ಬೇಕಿದ್ದ ಉತ್ತರ ಅದು. ನಂಬರ್ ಪರೀಕ್ಷಿಸುವ ಮೊದಲೇ ಪಂಪ್ ಆನ್ ಆದರೆ ಅಸರ್ಟ್ ಇದ್ದು ಏನು ಬಂತು? ಆದರೆ ಆ ಮಾಹಿತಿ ಇದ್ದ ಮೆಮೊರಿ ಮರಿಯ ಜೊತೆಗೇ ಹೋಗಿರುತ್ತದೆ. ಅಬಾರ್ಟ್ ಆದ ಪ್ರೋಸೆಸ್ ಯಾವ ಸಾಲು ಓಡಿತು ಅಂತ ಎಣಿಸುವ ಜಿಕವ್ ಲೆಕ್ಕವನ್ನೂ ಬರೆಯುವುದಿಲ್ಲ, ಹಾಗಾಗಿ ಕವರೇಜ್‌ನಲ್ಲೂ ಆ ಸಾಲುಗಳು ಓಡೇ ಇಲ್ಲ ಅನ್ನುವಂತೆ ಕಾಣುತ್ತವೆ.

ಹಾಗಾಗಿ ಸ್ವಂತ ಮ್ಯಾಕ್ರೋ ಬರೆದೆವು. ಷರತ್ತು ಸುಳ್ಳಾದರೆ ಅದು ಒಂದು ಹ್ಯಾಂಡ್ಲರ್ ಫಂಕ್ಷನ್ ಕರೆಯುತ್ತದೆ, ಅಷ್ಟೇ. ಬೋರ್ಡ್ ಮೇಲೆ ಆ ಫಂಕ್ಷನ್ ಫೈಲ್‌ಗೆ ಕೊಟ್ಟ ನಂಬರ್ ಮತ್ತು ಸಾಲಿನ ನಂಬರ್ ಬರೆದಿಟ್ಟು ರೀಸೆಟ್ ಮಾಡುತ್ತದೆ. ಫೈಲ್‌ನ ಪೂರ್ತಿ ಹೆಸರು ಇಟ್ಟರೆ ಸುಮ್ನೆ ಬೋರ್ಡ್‌ನ ಫ್ಲಾಶ್ ಮೆಮೊರಿ ತಿನ್ನುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಟೆಸ್ಟ್ ಓಡುವಾಗ ಅದೇ ಹೆಸರಿನ ಬೇರೆ ಫಂಕ್ಷನ್ ಲಿಂಕ್ ಆಗುತ್ತದೆ, ಅದು ಲಾಂಗ್‌ಜಂಪ್ ಮಾಡುತ್ತದೆ, ಅಂದರೆ ಮೊದಲೇ ಸೆಟ್‌ಜಂಪ್‌ನಿಂದ ಗುರುತಿಟ್ಟ ಜಾಗಕ್ಕೆ ನೇರ ಜಿಗಿಯುತ್ತದೆ. ಟೆಸ್ಟ್ ಮೊದಲು ಸೆಟ್‌ಜಂಪ್ ಹಾಕಿ 9 ಕೊಟ್ಟು ಕರೆಯುತ್ತದೆ. ಕರೆ ಸಲೀಸಾಗಿ ವಾಪಸ್ ಬಂದರೆ ಟೆಸ್ಟ್ ಫೇಲ್. ಜಿಗಿದು ಬಂದರೆ ನಕಲಿ ರಿಲೇ ಪಿನ್ ನೋಡುತ್ತೇವೆ. ಅದು ಬದಲಾಗಿರಬಾರದು. ಯಾವ ಸಾಲಿನ ಅಸರ್ಟ್ ಅಂತಲೂ ನೋಡುತ್ತೇವೆ, ಬೇರೆ ಯಾವುದೋ ಅಸರ್ಟ್ ಫೇಲ್ ಆಗಿ ನಮ್ಮ ಟೆಸ್ಟ್ ಪಾಸ್ ಆಗಬಾರದು.

ಹ್ಯಾಂಡ್ಲರ್ ಯಾವತ್ತೂ ವಾಪಸ್ ಬರಕೂಡದು. ಬಂದರೆ ಅಸರ್ಟ್‌ನ ಮುಂದಿನ ಸಾಲು ಆ 9ರ ಜೊತೆಗೇ ಓಡುತ್ತದೆ. ಇನ್ನೊಂದು ವಿಷಯ, ಸೆಟ್‌ಜಂಪ್ ಇರುವ ಫಂಕ್ಷನ್‌ನಲ್ಲಿ ಸೆಟ್‌ಜಂಪ್ ಆದ ಮೇಲೆ ಬದಲಾದ ಲೋಕಲ್ ವೇರಿಯಬಲ್ ವೊಲಟೈಲ್ (ಪ್ರತಿ ಸಲ ಮೆಮೊರಿಯಿಂದಲೇ ಓದು ಅಂತ ಕಂಪೈಲರ್‌ಗೆ ಹೇಳುವ ಗುರುತು) ಆಗಿರದಿದ್ದರೆ ಅದರ ಬೆಲೆ ನಂಬುವ ಹಾಗಿಲ್ಲ. ಸಿ++ ಕೋಡ್‌ಗೆ ಇದನ್ನು ತರಬೇಡಿ. ಆಬ್ಜೆಕ್ಟ್ ಮುಗಿದಾಗ ಸ್ವಚ್ಛ ಮಾಡುವ ಡಿಸ್ಟ್ರಕ್ಟರ್‌ಗಳನ್ನು ಹಾರಿಸಿಕೊಂಡು ಜಿಗಿದರೆ ಏನಾಗುತ್ತದೆ ಅನ್ನುವುದಕ್ಕೆ ಗ್ಯಾರಂಟಿ ಇಲ್ಲ. ಅಲ್ಲಿ ಎಕ್ಸೆಪ್ಷನ್ ಎಸೆಯುವುದೇ ಸರಿ.

ನಮ್ಮ ಪರೀಕ್ಷಾ ಸ್ಕ್ರಿಪ್ಟ್‌ಗಳು ಪೈಥಾನ್‌ನಲ್ಲಿವೆ. ಅಲ್ಲಿ ಟೆಸ್ಟ್ ಲೈಬ್ರರಿ ಪೈಟೆಸ್ಟ್‌ನ ರೇಸಸ್ ಸಾಕು, ಅದರ ಬ್ಲಾಕ್‌ನಲ್ಲಿ ಹೇಳಿದ ಎರರ್ ಬಂದರೇನೇ ಟೆಸ್ಟ್ ಪಾಸ್. ಒಂದೇ ಎಚ್ಚರ: ಆ ಬ್ಲಾಕ್‌ನೊಳಗೆ ಕರೆಯುವ ಒಂದು ಸಾಲು ಬಿಟ್ಟು ಬೇರೇನೂ ಇಡಬೇಡಿ. ಟೆಸ್ಟ್‌ನ ಸ್ವಂತ ಅಸರ್ಟ್ ಫೇಲ್ ಆದರೂ ಅದೇ ಅಸರ್ಷನ್ ಎರರ್ ಬರುತ್ತದೆ, ಟೆಸ್ಟ್ ಖುಷಿಯಾಗಿ ಪಾಸ್ ಆಗಿಬಿಡುತ್ತದೆ.

ಎಲ್ಲಕ್ಕೂ ಅಸರ್ಟ್ ಹಾಕುವುದೂ ನನಗೆ ಸರಿ ಅನ್ನಿಸುವುದಿಲ್ಲ. ತೋಟದಲ್ಲಿ ಇಲಿ ಸೆನ್ಸರ್ ವೈರ್ ಕಡಿಯುತ್ತದೆ. ಅದು ಕೋಡ್‌ನ ತಪ್ಪಲ್ಲ, ಅಲ್ಲಿ ಎರರ್ ಕೋಡ್ ಕೊಟ್ಟು ಮುಂದೆ ಹೋಗಬೇಕು.

ಕೋಡ್ ಬಿಲ್ಡ್ ಮಾಡಲು ಬಳಸುವ ಸಿಮೇಕ್‌ನ ರಿಲೀಸ್ ಬಿಲ್ಡ್, ಅಸರ್ಟ್ ಆಫ್ ಮಾಡುವ ಎನ್‌ಡೀಬಗ್ ಅನ್ನುವ ಗುರುತು ಸೇರಿಸುತ್ತದೆ, ಆಗ ಸ್ಟ್ಯಾಂಡರ್ಡ್ ಅಸರ್ಟ್ ಪೂರ್ತಿ ಮಾಯವಾಗುತ್ತದೆ. ಅದರ ಆವರಣದೊಳಗೆ ಫಂಕ್ಷನ್ ಕರೆ ಇದ್ದರೆ ಆ ಕರೆಯೂ ಹೋಗುತ್ತದೆ. ನಮ್ಮ ಮ್ಯಾಕ್ರೋ ಎನ್‌ಡೀಬಗ್‌ಗೆ ಕಿವಿಗೊಡುವುದಿಲ್ಲ. ತೋಟಕ್ಕೆ ಹೋಗುವ ಪೆಟ್ಟಿಗೆಯಲ್ಲೂ ಅಸರ್ಟ್ ಇರುತ್ತದೆ, ಟೆಸ್ಟ್‌ಗಳು ಡೀಬಗ್ ಮತ್ತು ರಿಲೀಸ್ ಎರಡರಲ್ಲೂ ಓಡುತ್ತವೆ.