ಮೇಜಿನ ಮೇಲೆ ಸದ್ದಿಲ್ಲದ ಡಬ್ಬಿ, ದೊಡ್ಡ ಯಂತ್ರ ಬೇರೆ ರೂಮಿನಲ್ಲಿ

ಕಂಪ್ಯೂಟರ್ ಫ್ಯಾನಿನ ಗುಂಯ್ ಸದ್ದು ತಲೆ ತಿನ್ನುತ್ತಿದ್ದರೆ ಒಳ್ಳೆ ಫ್ಯಾನ್ ಹುಡುಕುತ್ತಾ ಕೂರಬೇಡಿ. ಸದ್ದು ಮಾಡುವ ಯಂತ್ರವನ್ನೇ ಬೇರೆ ರೂಮಿಗೆ ಸಾಗಹಾಕಿ. ಮೇಜಿನ ಮೇಲೆ ಫ್ಯಾನೇ ಇಲ್ಲದ ಒಂದು ಪುಟ್ಟ ಡಬ್ಬಿ, ಮಾನಿಟರ್, ಕೀಬೋರ್ಡ್, ಮೌಸ್ ಇದ್ದರೆ ಸಾಕು. ಈ ಡಬ್ಬಿಯೇ ಥಿನ್ ಕ್ಲೈಂಟ್. ಮನೆಯಲ್ಲಿ ಮೂರು ಜನ ಕೂತು ಕೆಲಸ ಮಾಡಿದರೂ ಸದ್ದು, ಬಿಸಿ ಎರಡೂ ಒಂದೇ ಕಡೆ ಇರುತ್ತದೆ.

ಏನನ್ನೂ ಕೊಳ್ಳುವ ಮೊದಲು ಒಂದು ವಿಷಯ ತೀರ್ಮಾನ ಮಾಡಿ: ಪ್ರೋಗ್ರಾಮುಗಳು ಎಲ್ಲಿ ಓಡಬೇಕು? ಇದಕ್ಕೆ ಎರಡು ದಾರಿ. ಒಂದು, ಎಲ್ಲವೂ ಸರ್ವರ್‌ನಲ್ಲೇ (ಬೇರೆ ರೂಮಿನ ದೊಡ್ಡ ಯಂತ್ರದಲ್ಲೇ) ಓಡಿ, ಪರದೆಯ ಚಿತ್ರ ಮಾತ್ರ ಕೇಬಲ್ ಮೂಲಕ ಡಬ್ಬಿಗೆ ಬರುವುದು. ಇನ್ನೊಂದು, ಡಬ್ಬಿಯು ನೆಟ್‌ವರ್ಕ್‌ನಿಂದಲೇ ಬೂಟ್ ಆಗಿ, ಸಿಸ್ಟಮ್ಮನ್ನೂ ಫೈಲುಗಳನ್ನೂ ಸರ್ವರ್‌ನಿಂದ ತರಿಸಿಕೊಂಡು ತನ್ನದೇ ಪ್ರೊಸೆಸರ್‌ನಲ್ಲಿ ಓಡಿಸುವುದು. ಬರವಣಿಗೆ, ಲೆಕ್ಕಪತ್ರ, ಕೋಡಿಂಗ್, ಮೇಲ್ ಇಷ್ಟೇ ಆದರೆ ಮೊದಲನೆಯದು ಚೆನ್ನಾಗಿ ನಡೆಯುತ್ತದೆ. ದಿನಾ ಪೂರ್ತಿ ಪರದೆಯಲ್ಲಿ ವಿಡಿಯೋ ನೋಡುವವರಿದ್ದರೆ ಮೊದಲನೆಯದರಲ್ಲಿ ಬೈಗುಳ ಖಾಯಂ. ವಿಡಿಯೋವನ್ನು ಸರ್ವರ್ ಒಮ್ಮೆ ಬಿಚ್ಚಿ, ಪ್ರತಿ ಫ್ರೇಮನ್ನೂ ಮತ್ತೆ ಚಿತ್ರ ಮಾಡಿ ಕಳಿಸಬೇಕು, ಹಾಗಾಗಿ ತಡವರಿಸುತ್ತದೆ. ಅಂಥವರಿಗೆ ಎರಡನೆಯದೇ ಸರಿ.

ಡಬ್ಬಿಗಳ ವಿಷಯಕ್ಕೆ ಬಂದರೆ, ಆಫೀಸುಗಳು ಬಳಸಿ ಬಿಟ್ಟ ಹಳೆಯವೇ ಸಾಕು. ಎಚ್‌ಪಿ ಟಿ630, ಡೆಲ್ ವೈಸ್ 5070 ಎರಡೂ ಫ್ಯಾನಿಲ್ಲದವು. ಮೊದಲ ದಾರಿಗಾದರೆ ರಾಸ್ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಕೂಡ ಆಗುತ್ತದೆ, ಲೋಹದ ಕೇಸ್ ಹಾಕಿದರೆ ಫ್ಯಾನ್ ಬೇಕಾಗುವುದಿಲ್ಲ. ನೆಟ್‌ವರ್ಕ್ ಬೂಟ್ ಮಾಡುವುದಾದರೆ ಡಬ್ಬಿಯಲ್ಲಿ 4 ಜಿಬಿ ರ‍್ಯಾಮ್ ಇರಲಿ. ಫ್ಯಾನ್ ಇಲ್ಲ ಅಂದರೆ ಬಿಸಿ ಮೈಯಿಂದಲೇ ಹೊರಹೋಗಬೇಕು, ಆದ್ದರಿಂದ ಮೇಲೆ ಪುಸ್ತಕ ಪೇರಿಸಬೇಡಿ. ಸರ್ವರ್‌ಗೆ ಎಸ್‌ಎಸ್‌ಡಿ ಬೇಕೇ ಬೇಕು. ಎಲ್ಲ ಕೆಲಸವೂ ಅದರಲ್ಲೇ ಓಡುವುದಾದರೆ ಬ್ರೌಸರ್ ತೆರೆದಿಡುವ ಒಬ್ಬೊಬ್ಬರಿಗೂ 2 ಜಿಬಿಯಾದರೂ ಹಿಡಿದು ಲೆಕ್ಕ ಹಾಕಿ. 16 ಜಿಬಿ ಇದ್ದರೆ ಮೂರ್ನಾಲ್ಕು ಜನ ಆರಾಮ. ಸರ್ವರನ್ನು ಗಾಳಿಯಾಡದ ಕಪಾಟಿನೊಳಗೆ ಮುಚ್ಚಿಡಬೇಡಿ, ಫ್ಯಾನು ಇನ್ನೂ ಜೋರಾಗಿ ಕೂಗುತ್ತದೆ.

ಈಗ ಕೇಬಲ್. ಅರ್ಧಕ್ಕರ್ಧ ತೊಂದರೆಗಳು ಇಲ್ಲೇ ಹುಟ್ಟುವುದು. ವೈಫೈ ಮೇಲೆ ನೆಟ್‌ವರ್ಕ್ ಬೂಟ್ ಮಾಡುವ ಯೋಚನೆ ಬಿಟ್ಟುಬಿಡಿ, ಬರೀ ಚಿತ್ರ ತರಿಸುವುದಕ್ಕೂ ಕೇಬಲ್ಲೇ ವಾಸಿ. ಕ್ಯಾಟ್ 5ಇ ನೆಟ್‌ವರ್ಕ್ ಕೇಬಲ್ ಮತ್ತು ಗಿಗಾಬಿಟ್ ಸ್ವಿಚ್ (ಕೇಬಲ್‌ಗಳನ್ನೆಲ್ಲ ಒಂದೆಡೆ ಸೇರಿಸುವ ಪೆಟ್ಟಿಗೆ) ಸಾಕು. ಐದು ಪೋರ್ಟಿನ ಸಣ್ಣ ಸ್ವಿಚ್‌ನಲ್ಲಿ ಸಾಮಾನ್ಯವಾಗಿ ಫ್ಯಾನ್ ಇರುವುದಿಲ್ಲ, ದೊಡ್ಡ ಸ್ವಿಚ್ ತಂದರೆ ಓಡಿಸಿದ ಸದ್ದು ಮತ್ತೆ ವಾಪಸ್. ಕೇಬಲ್ ಹಾಕಿದ ಮೇಲೆ ಎರಡೂ ತುದಿಯಲ್ಲಿ ವೇಗ ಎಷ್ಟು ತೋರಿಸುತ್ತಿದೆ ನೋಡಿ. 1000 ಎಂಬಿಪಿಎಸ್ (ಅಂದರೆ ಗಿಗಾಬಿಟ್) ಬರಬೇಕಾದಲ್ಲಿ 100 ಬಂದರೆ ತುದಿಯ ಪ್ಲಗ್ ಮೇಲೆ ಅನುಮಾನ ಪಡಿ. ಗಿಗಾಬಿಟ್‌ಗೆ ಒಳಗಿನ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕೇ ಸಾಕು. ಒಂದು ತಂತಿ ಸರಿಯಾಗಿ ಕೂತಿಲ್ಲ ಅಂದರೂ ಎಲ್ಲ ಕೆಲಸ ಮಾಡಿದಂತೆ ಕಾಣುತ್ತದೆ, ಆದರೆ ಸುಮ್ನೆ ನಿಧಾನ. ಹಾಗಾದಾಗ ಜನ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುತ್ತಾ ಕೂರುತ್ತಾರೆ!

ಮೊದಲ ದಾರಿ ಹಿಡಿದರೆ ಸರ್ವರ್‌ಗೆ ಡೆಬಿಯನ್ ಅಥವಾ ಉಬುಂಟು ಲಿನಕ್ಸ್ ಹಾಕಿ, ಜೊತೆಗೆ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಮತ್ತು ಎಕ್ಸ್‌ಆರ್‌ಡಿಪಿ (ಪರದೆಯನ್ನು ನೆಟ್‌ವರ್ಕ್ ಮೂಲಕ ಕಳಿಸುವ ಪ್ರೋಗ್ರಾಮ್). ಹಗುರವಾದ ಡೆಸ್ಕ್‌ಟಾಪ್ ಯಾಕೆ ಅಂದರೆ, ಮಿರುಗುವ ಅನಿಮೇಶನ್‌ಗಳೆಲ್ಲ ಕೇಬಲ್ ಮೇಲೆ ಹೊರೆ. ರೂಟರ್‌ನಲ್ಲಿ ಸರ್ವರ್‌ಗೆ ಒಂದು ಐಪಿ (ನೆಟ್‌ವರ್ಕ್ ವಿಳಾಸ) ಖಾಯಂ ಮಾಡಿ. ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಅಕೌಂಟ್ ಮಾಡಿ. ಡಬ್ಬಿಯಲ್ಲಿ ಚಿಕ್ಕ ಲಿನಕ್ಸ್ ಹಾಕಿ, ದೂರದ ಪರದೆ ತೋರಿಸುವ ರೆಮಿನಾ ಪ್ರೋಗ್ರಾಮ್ ತೆರೆದು, ಸರ್ವರ್ ಐಪಿ ಕೊಟ್ಟು ಲಾಗಿನ್ ಆಗಿ. ಲಾಗಿನ್ ಆದ ಕೂಡಲೇ ಕಪ್ಪು ಪರದೆ ಬಂದರೆ ಗಾಬರಿ ಬೇಡ. ಬಹಳ ಸಲ ಅದೇ ಅಕೌಂಟು ಸರ್ವರ್‌ನ ಸ್ವಂತ ಪರದೆಯಲ್ಲೂ ಲಾಗಿನ್ ಆಗಿರುತ್ತದೆ, ಅಲ್ಲಿ ಲಾಗೌಟ್ ಮಾಡಿ ಮತ್ತೆ ನೋಡಿ. ಇನ್ನು ಧ್ವನಿ ತಾನಾಗೇ ಬರುತ್ತದೆ ಅಂದುಕೊಳ್ಳಬೇಡಿ, ಎಕ್ಸ್‌ಆರ್‌ಡಿಪಿಗೆ ಅದರ ಮಾಡ್ಯೂಲ್ ಬೇರೆ ಹಾಕಬೇಕಾಗುತ್ತದೆ. ಸರ್ವರ್ ಆಗಿ ವಿಂಡೋಸ್ ಇಡೋಣ ಅನ್ನುವವರಿಗೆ ಒಂದು ಮಾತು: ಹೋಮ್ ಆವೃತ್ತಿಗೆ ಹೊರಗಿನಿಂದ ಹೀಗೆ ಲಾಗಿನ್ ಆಗಲು ಬಿಡುವುದಿಲ್ಲ, ಪ್ರೊ ಕೂಡ ಒಂದು ಸಲಕ್ಕೆ ಒಬ್ಬರನ್ನೇ ಬಿಡುತ್ತದೆ.

ಎರಡನೇ ದಾರಿಗೆ ಎಲ್‌ಟಿಎಸ್‌ಪಿ ಇದೆ, ಡಬ್ಬಿಗಳನ್ನು ನೆಟ್‌ವರ್ಕ್‌ನಿಂದ ಬೂಟ್ ಮಾಡಿಸುವ ಲಿನಕ್ಸ್ ಸಾಫ್ಟ್‌ವೇರ್. 1999ರಿಂದ ಬಂದ ಯೋಜನೆ, 2019ರಲ್ಲಿ ಅದನ್ನು ಹೊಸದಾಗಿ ಬರೆದರು, ಹಾಗಾಗಿ ಅದಕ್ಕಿಂತ ಹಳೆಯ ಪಾಠಗಳನ್ನು ನೋಡಿ ಮಾಡಲು ಹೋಗಬೇಡಿ. ಇದರಲ್ಲಿ ಚಂದ ಅಂದರೆ ಸರ್ವರ್‌ನಲ್ಲಿ ನೀವು ಜೋಡಿಸಿಟ್ಟ ಸಿಸ್ಟಮ್ಮೇ ಇಮೇಜ್ (ಪೂರ್ತಿ ನಕಲು) ಆಗಿ ಎಲ್ಲ ಡಬ್ಬಿಗಳಿಗೂ ಹೋಗುತ್ತದೆ, ಡಬ್ಬಿಯಲ್ಲಿ ಡಿಸ್ಕೇ ಬೇಡ. ರೂಟರ್ ಬದಲಾಯಿಸಬೇಕಿಲ್ಲ. ಸರ್ವರ್‌ನಲ್ಲಿ ಓಡುವ ಡಿಎನ್‌ಎಸ್‌ಮಾಸ್ಕ್ ಎಂಬ ಸಣ್ಣ ಪ್ರೋಗ್ರಾಮ್ ಪ್ರಾಕ್ಸಿ ರೀತಿಯಲ್ಲಿ ಪಕ್ಕದಲ್ಲಿ ನಿಂತು, ಐಪಿಯನ್ನು ರೂಟರೇ ಕೊಡಲು ಬಿಟ್ಟು, ಬೂಟ್ ಫೈಲ್ ಎಲ್ಲಿದೆ ಅಂತ ಮಾತ್ರ ಹೇಳುತ್ತದೆ. ಡಬ್ಬಿಯ ಬಯೋಸ್‌ನಲ್ಲಿ ಪಿಎಕ್ಸ್‌ಇ (ನೆಟ್‌ವರ್ಕ್) ಬೂಟನ್ನು ಪಟ್ಟಿಯ ಮೇಲಕ್ಕೆ ತನ್ನಿ, ಬೂಟ್ ಆಗದಿದ್ದರೆ ಸೆಕ್ಯೂರ್ ಬೂಟ್ ಆಫ್ ಮಾಡಿ ನೋಡಿ. ಸರ್ವರ್‌ನಲ್ಲಿ ಹೊಸ ಪ್ರೋಗ್ರಾಮ್ ಹಾಕಿದಾಗ ಅಥವಾ ಅಪ್‌ಡೇಟ್ ಮಾಡಿದಾಗ ಇಮೇಜನ್ನು ಮತ್ತೆ ತಯಾರಿಸಿ ಡಬ್ಬಿಗಳನ್ನು ರೀಬೂಟ್ ಮಾಡಿ, ಇಲ್ಲವಾದರೆ ಅವಕ್ಕೆ ಹಳೆಯದೇ ಸಿಗುತ್ತಿರುತ್ತದೆ.

ಸರ್ವರ್ ಬಿದ್ದರೆ ಮನೆಯವರೆಲ್ಲರ ಕೆಲಸವೂ ಒಟ್ಟಿಗೇ ನಿಲ್ಲುತ್ತದೆ, ಅಲ್ವಾ? ಹಾಗಾಗಿ ಯುಪಿಎಸ್ ಇಡಿ. ಸ್ವಿಚ್ಚನ್ನೂ ಅದಕ್ಕೇ ಸಿಕ್ಕಿಸಿ, ಜನ ಇದನ್ನು ಮರೆತೇ ಬಿಡುತ್ತಾರೆ. ಎಲ್ಲರ ಫೈಲೂ ಒಂದೇ ಡಿಸ್ಕಿನಲ್ಲಿ ಇರುವುದರಿಂದ ರಾತ್ರಿ ಹೊತ್ತು ಹೊರಗಿನ ಡಿಸ್ಕಿಗೆ ತಾನಾಗಿ ಬ್ಯಾಕಪ್ ಆಗುವಂತೆ ಮಾಡಿ. ಹೊರಗಡೆಯಿಂದಲೂ ಮನೆಯ ಡೆಸ್ಕ್‌ಟಾಪ್ ಬೇಕು ಅನ್ನಿಸಿದರೆ ರೂಟರ್‌ನಲ್ಲಿ 3389 ಪೋರ್ಟ್ (ಎಕ್ಸ್‌ಆರ್‌ಡಿಪಿ ಬಳಸುವ ಬಾಗಿಲು) ತೆರೆದಿಡಬೇಡಿ, ಅದನ್ನು ತಟ್ಟಿ ನೋಡುವ ಪುಂಡರು ಇಂಟರ್‌ನೆಟ್ ತುಂಬ ಇದ್ದಾರೆ. ವೈರ್‌ಗಾರ್ಡ್ ಎಂಬ ವಿಪಿಎನ್ (ಮನೆಯ ನೆಟ್‌ವರ್ಕ್‌ಗೆ ಗುಪ್ತ ದಾರಿ) ಹಾಕಿಕೊಂಡು ಅದರ ಮೂಲಕವೇ ಒಳಗೆ ಬನ್ನಿ.